ಟ್ಯೂಬಾ ಮತ್ತು ಯುಫೋನಿಯಮ್ ಕಲಿಯುವವರಿಗೆ ಯಾವ ಕೃತಿ, ಯಾವಾಗ?

ಮಂದ್ರಸ್ಥಾಯಿ:

ಎಲ್ಲರಿಗೂ ನಮಸ್ಕಾರ. ನಾನು ಮೂಲತಃ ಟ್ರಾಂಬೋನ್ ನುಡಿಸುವವಳು. ಈಗ ನನ್ನ ಬಳಿ ಇಬ್ಬರು ವಿದ್ಯಾರ್ಥಿಗಳು ತಗ್ಗು ಸ್ವರದ ಹಿತ್ತಾಳೆ ಊದುವಾದ್ಯಗಳಾದ ಟ್ಯೂಬಾ ಮತ್ತು ಯುಫೋನಿಯಮ್ ಕಲಿಯುತ್ತಿದ್ದಾರೆ. ಯುಫೋನಿಯಮ್ ನುಡಿಸುವ ಹುಡುಗಿ ಮೂರು ವರ್ಷಗಳ ಹಿಂದೆ ಕಾರ್ನೆಟ್ (ಟ್ರಂಪೆಟ್‌ನಂಥ ಚಿಕ್ಕ ವಾದ್ಯ) ಬಿಟ್ಟು ಬಂದವಳು. ಸ್ವರಲಿಪಿಯ ಗೆರೆಗಳಿಗೆ ಯಾವ ಸ್ವರವೆಂದು ಹೇಳುವ ಗುರುತುಗಳಾದ ಕ್ಲೆಫ್‌ಗಳಲ್ಲಿ ಅವಳಿಗೆ ಟ್ರೆಬಲ್ ಕ್ಲೆಫ್ ಮಾತ್ರ ಓದಲು ಬರುತ್ತದೆ. ಟ್ಯೂಬಾ ಹುಡುಗ ನಾಲ್ಕು ವರ್ಷಗಳಿಂದ ಬ್ಯಾಂಡಿನಲ್ಲಿದ್ದು, ಬಿ-ಫ್ಲ್ಯಾಟ್ ಟ್ಯೂಬಾ ನುಡಿಸುತ್ತಾನೆ.

ಹುಡುಗಿಯ ಬೆರಳು ಬಹಳ ಚುರುಕು. ಥೀಮ್ ಮತ್ತು ವೇರಿಯೇಶನ್ (ಒಂದು ಹಾಡು, ಆಮೇಲೆ ಅದರ ಬದಲಾದ ರೂಪಗಳು) ಮಾದರಿಯ ಕೃತಿಗಳಲ್ಲಿ ವೇಗದ ಭಾಗಗಳು ಅವಳಿಗೆ ಸಲೀಸಾಗಿ ಬರುತ್ತವೆ. ಆದರೆ ಅದೇ ಕೃತಿಯ ಆರಂಭದಲ್ಲಿರುವ ಸರಳ ಥೀಮನ್ನು ನುಡಿಸು ಎಂದರೆ ಎಂಟು ಬಾರ್ (ತಾಳದ ಆವರ್ತ) ದಾಟುವಷ್ಟರಲ್ಲಿ ನಾದ ತೆಳ್ಳಗಾಗಿ, ಸಾಲು ನಡುವೆಯೇ ಮುರಿದುಹೋಗುತ್ತದೆ. ಹುಡುಗನದು ಬೇರೆ ತೊಂದರೆ. ಅವನು ಇಷ್ಟು ವರ್ಷ ನುಡಿಸಿದ್ದೆಲ್ಲ ಮಾರ್ಚ್‌ಗಳ ಮೊದಲನೆಯ ಮತ್ತು ಮೂರನೆಯ ಪೆಟ್ಟುಗಳನ್ನು. ಒಂದು ಪೂರ್ತಿ ಹಾಡು ತನ್ನ ವಾದ್ಯದಲ್ಲಿ ಬರಬಹುದೆಂಬುದೇ ಅವನ ಮನಸ್ಸಿಗೆ ಹೊಳೆದಂತಿಲ್ಲ.

ಇವರಿಬ್ಬರಿಗೂ ಮುಂದಿನ ಒಂದೆರಡು ವರ್ಷಕ್ಕೆ ಯಾವ ಕೃತಿಗಳನ್ನು, ಯಾವ ಕ್ರಮದಲ್ಲಿ ಕೊಡಬೇಕು? ತಂತಿವಾದ್ಯ ಚೆಲ್ಲೊ ಮತ್ತು ಮರದ ಊದುವಾದ್ಯ ಬಸೂನ್‌ಗೆ ಬರೆದ ಸಂಗೀತವನ್ನು ಎತ್ತಿಕೊಳ್ಳುವುದು ಸರಿಯೇ, ಅಥವಾ ಈ ವಾದ್ಯಗಳಿಗೆಂದೇ ಬರೆದ ಕೃತಿಗಳಿಗೆ ಅಂಟಿಕೊಳ್ಳಬೇಕೇ? ಬಲ್ಲವರು ವಿವರವಾಗಿ ಬರೆದರೆ ಉಪಕಾರವಾಗುತ್ತದೆ.

ಹಳೆಯ ಟ್ಯೂಬಾ:

ಮಂದ್ರಸ್ಥಾಯಿಯವರೇ, ನಿಮ್ಮ ಇಬ್ಬರು ವಿದ್ಯಾರ್ಥಿಗಳ ತೊಂದರೆ ಮೇಲ್ನೋಟಕ್ಕೆ ಬೇರೆ ಬೇರೆಯಾಗಿ ಕಂಡರೂ ಬೇರು ಒಂದೇ. ಹಾಡಿನ ಒಂದು ಸಾಲನ್ನು ಒಂದೇ ಉಸಿರಿನಲ್ಲಿ ಹೊತ್ತು ಕೊನೆ ಮುಟ್ಟಿಸುವ ಕೆಲಸವನ್ನು ಇಬ್ಬರೂ ಕಲಿತಿಲ್ಲ. ಅವರ ಕೈಗೆ ಈವರೆಗೆ ಬಂದ ಸಂಗೀತ ಅದನ್ನು ಅವರಿಂದ ಕೇಳಿಯೂ ಇಲ್ಲ. ಆದ್ದರಿಂದ ಕೃತಿಗಳ ಪಟ್ಟಿ ಮಾಡುವ ಮೊದಲು, ಪ್ರತಿಯೊಂದು ಕೃತಿಯೂ ಉಸಿರಿನಿಂದ ಏನನ್ನು ಕೇಳುತ್ತದೆ ಎಂದು ನೋಡಿ ಆರಿಸಿ. ಬೆರಳಿನ ಕಷ್ಟವನ್ನು ಆಮೇಲೆ ನೋಡಿದರೂ ನಡೆಯುತ್ತದೆ.

1944ರಿಂದ 1988ರವರೆಗೆ ಶಿಕಾಗೊ ಸಿಂಫನಿ ಆರ್ಕೆಸ್ಟ್ರಾದಲ್ಲಿ ಟ್ಯೂಬಾ ನುಡಿಸಿದ ಆರ್ನಲ್ಡ್ ಜೇಕಬ್ಸ್ ತಮ್ಮ ಪಾಠವನ್ನೆಲ್ಲ ಹಾಡು ಮತ್ತು ಗಾಳಿ ಎಂಬ ಎರಡು ಮಾತುಗಳ ಮೇಲೆ ಕಟ್ಟಿದ್ದರು. ಮನಸ್ಸಿನಲ್ಲಿ ಹಾಡು ಸ್ಪಷ್ಟವಾಗಿ ಕೇಳಿಸುತ್ತಿರಬೇಕು, ಗಾಳಿ ತಡೆಯಿಲ್ಲದೆ ಹರಿಯುತ್ತಿರಬೇಕು. ತುಟಿ, ನಾಲಗೆ, ಹೊಟ್ಟೆಗಳಿಗೆ ಒಂದೊಂದಾಗಿ ಅಪ್ಪಣೆ ಕೊಡುವ ಅಗತ್ಯವಿಲ್ಲ. ಮಂದ್ರ ಸ್ವರಗಳಲ್ಲಿ ಈ ಮಾತಿಗೆ ಇನ್ನೂ ಹೆಚ್ಚು ಅರ್ಥವಿದೆ. ಕೆಳಗಿನ ಸ್ವರಕ್ಕೆ ಬೇಕಾದದ್ದು ಹೆಚ್ಚು ಗಾಳಿ ಮತ್ತು ಕಡಿಮೆ ಒತ್ತಡ. ಮಕ್ಕಳು ಮಾಡುವುದು ಇದರ ತದ್ವಿರುದ್ಧ. ಸ್ವರ ಕೆಳಗಿಳಿದಂತೆ ಹೊಟ್ಟೆ ಬಿಗಿಹಿಡಿದು ತಳ್ಳುತ್ತಾರೆ, ನಾದ ಅಲ್ಲೇ ಉಸಿರುಕಟ್ಟುತ್ತದೆ.

ಇದಕ್ಕೆ ನಾನು ಇಷ್ಟು ವರ್ಷಗಳಲ್ಲಿ ಕಂಡ ಅತ್ಯುತ್ತಮ ಸಾಮಗ್ರಿ ಬೊರ್ದೊನಿಯ ಗಾಯನ ಅಭ್ಯಾಸಗಳು. ಬೊರ್ದೊನಿ ಗಾಯಕರಾಗಿದ್ದವರು, ಗಾಯನದ ಗುರುಗಳು. ಅವರ ವೋಕಲೀಸ್‌ಗಳನ್ನು (ಪದಗಳಿಲ್ಲದ ಹಾಡಿನ ಅಭ್ಯಾಸಗಳನ್ನು) ಟ್ರಾಂಬೋನ್ ವಾದಕ ಜೊಆನೆಸ್ ರೊಶು 1928ರಲ್ಲಿ ಟ್ರಾಂಬೋನ್‌ಗೆ ಹೊಂದಿಸಿ ಪ್ರಕಟಿಸಿದರು. ನೀವು ಟ್ರಾಂಬೋನಿನವರಾದ್ದರಿಂದ ಆ ಪುಸ್ತಕ ನಿಮ್ಮ ಮನೆಯಲ್ಲಿ ಖಂಡಿತ ಇರುತ್ತದೆ. ಯುಫೋನಿಯಮ್‌ಗೆ ಅದನ್ನೇ ಹಾಗೆಯೇ ಬಳಸಬಹುದು; ಟ್ಯೂಬಾದವರು ಒಂದು ಸ್ಥಾಯಿ ಕೆಳಗೆ ಓದಬೇಕು, ಇಲ್ಲವೇ ಟ್ಯೂಬಾಗೆ ಹೊಂದಿಸಿದ ಪ್ರತಿಯನ್ನು ತೆಗೆದುಕೊಳ್ಳಬೇಕು.

ವಾರಕ್ಕೆ ಒಂದೇ ಒಂದು ಅಭ್ಯಾಸವನ್ನು ಕೊಡಿ. ಮೊದಲ ದಿನ ವಾದ್ಯವನ್ನು ಪೆಟ್ಟಿಗೆಯಿಂದ ತೆಗೆಯುವುದೇ ಬೇಡ: ಗಟ್ಟಿಯಾಗಿ ಹಾಡಲಿ, ಹಾಡುವಾಗ ಉಸಿರು ಎಲ್ಲಿ ಬೇಕೆನಿಸುತ್ತದೆಯೋ ಅಲ್ಲಿ ಪೆನ್ಸಿಲಿನಲ್ಲಿ ಗುರುತು ಹಾಕಲಿ. ಎರಡನೆಯ ದಿನ ಮೌತ್‌ಪೀಸ್ ಮಾತ್ರ. ಮೂರನೆಯ ದಿನದಿಂದ ವಾದ್ಯ. ವಾರದ ಕೊನೆಯಲ್ಲಿ ಅದೇ ಹಾಡು ಒಂದು ಸ್ಥಾಯಿ ಕೆಳಗೆ. ಹುಡುಗರು ಹಾಡಲು ನಾಚುತ್ತಾರೆ, ಅದನ್ನು ನಾನು ಬಲ್ಲೆ. ಮೊದಲ ಕೆಲವು ವಾರ ನೀವೇ ಅವರ ಜೊತೆ ದನಿಗೂಡಿಸಿ ಹಾಡಿದರೆ ನಾಚಿಕೆ ಕರಗುತ್ತದೆ.

ಬ್ಯಾಂಡಿನ ಮನೆ:

ಹಳೆಯ ಟ್ಯೂಬಾ ಅವರ ಮಾತನ್ನು ಪೂರ್ಣವಾಗಿ ಒಪ್ಪುತ್ತಲೇ ವೇರಿಯೇಶನ್ ಕೃತಿಗಳ ಪರವಾಗಿ ಎರಡು ಮಾತು ಹೇಳಲು ಬಯಸುತ್ತೇನೆ. ಯುಫೋನಿಯಮ್‌ಗೆ ಸಿಂಫನಿ ಆರ್ಕೆಸ್ಟ್ರಾದಲ್ಲಿ ಕಾಯಂ ಕುರ್ಚಿಯಿಲ್ಲ. ಅದರ ಮನೆ ಬ್ರಾಸ್ ಬ್ಯಾಂಡ್ ಮತ್ತು ವಿಂಡ್ ಬ್ಯಾಂಡ್. ಆ ಮನೆಯಲ್ಲಿ ಹುಟ್ಟಿದ ಸಾಹಿತ್ಯ ಥೀಮ್ ಮತ್ತು ವೇರಿಯೇಶನ್ ರೂಪದಲ್ಲೇ ಬೆಳೆಯಿತು. 1864ರಲ್ಲಿ ಪ್ರಕಟವಾದ ಆರ್ಬಾನ್ ಅವರ ಕಾರ್ನೆಟ್ ಪಾಠಪುಸ್ತಕವನ್ನು ಇಂದಿಗೂ ಎಲ್ಲ ವಾಲ್ವ್ (ಒತ್ತಿ ಸ್ವರ ಬದಲಿಸುವ ಗುಂಡಿ) ವಾದ್ಯಗಳವರೂ ತೆರೆಯುತ್ತಾರೆ. ಅದರ ಕೊನೆಯ ಭಾಗದಲ್ಲಿರುವುದೂ ಇಂಥ ಕೃತಿಗಳೇ.

ತೊಂದರೆ ಆ ರೂಪದಲ್ಲಿಲ್ಲ, ನಾವು ಅದನ್ನು ಕಲಿಸುವ ಬಗೆಯಲ್ಲಿದೆ. ವೇರಿಯೇಶನ್ ಎಂದರೆ ಥೀಮೇ ಬೇರೆ ಉಡುಪಿನಲ್ಲಿ ಬರುವುದು. ಥೀಮ್ ಎಲ್ಲಿ ಉಸಿರಾಡುತ್ತದೆಯೋ ವೇರಿಯೇಶನ್ ಕೂಡ ಅಲ್ಲೇ ಉಸಿರಾಡಬೇಕು, ಥೀಮ್ ಎಲ್ಲಿ ಒತ್ತು ಕೊಡುತ್ತದೆಯೋ ಅಲ್ಲೇ ಒತ್ತು ಕೊಡಬೇಕು. ನನ್ನ ವಿದ್ಯಾರ್ಥಿಗಳು ವೇಗದ ಭಾಗದಲ್ಲಿ ಅಡಗಿರುವ ಥೀಮಿನ ಸ್ವರಗಳಿಗೆ ಪೆನ್ಸಿಲಿನಲ್ಲಿ ಸುತ್ತು ಹಾಕಿ, ಮೊದಲು ಆ ಸ್ವರಗಳನ್ನಷ್ಟೇ ಉದ್ದವಾಗಿ ನುಡಿಸುತ್ತಾರೆ. ಉಳಿದ ಸ್ವರಗಳನ್ನು ಅವುಗಳ ನಡುವೆ ಆಮೇಲೆ ತುಂಬುತ್ತಾರೆ. ನಿಮ್ಮ ಹುಡುಗಿಗೆ ಬೆರಳು ಈಗಾಗಲೇ ಇರುವುದರಿಂದ ಇದು ಬೇಗನೆ ಫಲ ಕೊಡುತ್ತದೆ.

ಈ ದಾರಿಯಲ್ಲಿ ಅವಳು ಒಂದು ದಿನ ಪೊಂಕಿಯೆಲ್ಲಿಯ ಕನ್ಸರ್ಟೊಗೆ (ವಾದ್ಯತಂಡದೆದುರು ಒಂದು ವಾದ್ಯ ಮುಂದಾಗಿ ನುಡಿಸುವ ಕೃತಿಗೆ) ತಲುಪಬೇಕು. ಅವರು ಒಪೆರಾ ಸಂಯೋಜಕರೆಂದೇ ಹೆಸರಾದವರು, ಆದರೆ ಹಲವು ವರ್ಷ ಕ್ರೆಮೋನಾದಲ್ಲಿ ಬ್ಯಾಂಡಿನ ಮುಖ್ಯಸ್ಥರಾಗಿದ್ದರು. ಆಗ, 1872ರಲ್ಲಿ, ಯುಫೋನಿಯಮ್‌ನ ಇಟಲಿಯ ಸೋದರವಾದ ಫ್ಲಿಕೋರ್ನೊ ಬಾಸ್ಸೊ ವಾದ್ಯಕ್ಕೆ ಈ ಕನ್ಸರ್ಟೊ ಬರೆದರು. ಅದರಲ್ಲಿ ಓಡುವ ಸ್ವರಗಳು ಧಾರಾಳವಾಗಿವೆ, ಆದರೆ ಒಳಗಿನಿಂದ ಹಾಡುವುದು ಒಪೆರಾದ ಗಾಯಕನೇ.

ಮೂಲಕೃತಿ:

ಚೆಲ್ಲೊ ಮತ್ತು ಬಸೂನ್ ಸಂಗೀತದ ಪ್ರಶ್ನೆಗೆ ನನ್ನ ಉತ್ತರ ಸ್ವಲ್ಪ ಖಂಡಿತವಾದದ್ದು. ಟ್ಯೂಬಾಗೆ ಬರ್ಲಿನ್‌ನಲ್ಲಿ ವೀಪ್ರೆಕ್ಟ್ ಮತ್ತು ಮೊರಿಟ್ಸ್ ಪೇಟೆಂಟ್ ಪಡೆದದ್ದು 1835ರಲ್ಲಿ. ಅಷ್ಟರಲ್ಲಿ ಬೀಥೋವನ್ ತೀರಿಕೊಂಡು ಎಂಟು ವರ್ಷವಾಗಿತ್ತು. ಆದ್ದರಿಂದ ಬಾಖ್, ಮೊಟ್ಸಾರ್ಟ್, ಬೀಥೋವನ್ ಯಾರೂ ನಮಗಾಗಿ ಒಂದು ಸ್ವರವನ್ನೂ ಬರೆದಿಲ್ಲ. ಈ ಕೊರತೆಯನ್ನು ನೆನೆದು ನಾವು ಯಾವಾಗಲೂ ಇತರರ ಮನೆಯ ಸಂಗೀತವನ್ನು ಎರವಲು ತರುತ್ತೇವೆ. ನಮ್ಮದೇ ಆದ ಸಂಗೀತ ಎಷ್ಟಿದೆಯೆಂದು ವಿದ್ಯಾರ್ಥಿಗಳಿಗೆ ಹೇಳುವುದನ್ನೇ ಮರೆಯುತ್ತೇವೆ.

ಇಂಗ್ಲೆಂಡಿನ ಸಂಯೋಜಕ ವಾನ್ ವಿಲಿಯಮ್ಸ್ ತಮ್ಮ 81ನೆಯ ವಯಸ್ಸಿನಲ್ಲಿದ್ದಾಗ, 1954ರ ಜೂನ್‌ನಲ್ಲಿ, ಅವರ ಟ್ಯೂಬಾ ಕನ್ಸರ್ಟೊವನ್ನು ಲಂಡನ್ ಸಿಂಫನಿ ಆರ್ಕೆಸ್ಟ್ರಾ ಮೊದಲ ಬಾರಿಗೆ ನುಡಿಸಿತು. ಟ್ಯೂಬಾ ಏಕವಾದನ ಮಾಡಿದವರು ಅದೇ ಆರ್ಕೆಸ್ಟ್ರಾದ ಫಿಲಿಪ್ ಕ್ಯಾಟೆಲಿನೆಟ್. ಮರುವರ್ಷವೇ ಹಿಂಡೆಮಿತ್ ಬಾಸ್ ಟ್ಯೂಬಾ ಮತ್ತು ಪಿಯಾನೊಗೆ ಸೊನಾಟಾ ಬರೆದರು. 1959ರಲ್ಲಿ ಅಲೆಕ್ ವೈಲ್ಡರ್ ಅವರ ಸೊನಾಟಾ, 1961ರಲ್ಲಿ ಪರ್ಸಿಕೆಟ್ಟಿಯವರ ಒಂಟಿ ಟ್ಯೂಬಾದ ಸೆರೆನೇಡ್, 1962ರಲ್ಲಿ ವಾಲ್ಟರ್ ಹಾರ್ಟ್ಲಿಯವರ ಪಕ್ಕವಾದ್ಯವಿಲ್ಲದ ಸೂಟ್ (ಚಿಕ್ಕ ಭಾಗಗಳ ಮಾಲೆ) ಬಂದವು. ಇದೆಲ್ಲ ಒಂದು ದಶಕದೊಳಗಿನ ಮಾತು. ವೈಲ್ಡರ್ ಆ ಸೊನಾಟಾವನ್ನು ಬರೆದದ್ದು ಹಾರ್ವಿ ಫಿಲಿಪ್ಸ್ ಅವರಿಗಾಗಿ. ಸಂಯೋಜಕರ ಬೆನ್ನು ಹತ್ತಿ ಟ್ಯೂಬಾಗೆ ಕೃತಿಗಳನ್ನು ಬರೆಸುವುದನ್ನೇ ತಮ್ಮ ಜೀವನದ ಕೆಲಸವೆಂದುಕೊಂಡಿದ್ದವರು ಅವರು. ಯುಫೋನಿಯಮ್‌ಗೆ ಹೊರೊವಿಟ್ಸ್ ಅವರ ಕನ್ಸರ್ಟೊ 1972ರಲ್ಲಿ ಬಂತು, ಪೊಂಕಿಯೆಲ್ಲಿ ಬರೆದ ಸರಿಯಾಗಿ ನೂರು ವರ್ಷಕ್ಕೆ.

ಈ ಸಂಗೀತವನ್ನು ಬರೆದವರ ಕಿವಿಯಲ್ಲಿದ್ದದ್ದು ನಮ್ಮದೇ ವಾದ್ಯದ ನಾದ. ಉಸಿರಿಗೆ ಜಾಗ ಎಲ್ಲಿ ಬೇಕು, ಯಾವ ಸ್ಥಾಯಿಯಲ್ಲಿ ನಾದ ಅರಳುತ್ತದೆ, ಎಲ್ಲಿ ಮಂಕಾಗುತ್ತದೆ ಎಂಬುದೆಲ್ಲ ಅದರೊಳಗೇ ಇದೆ. ಹಾರ್ಟ್ಲಿಯವರ ಸೂಟ್ ನಿಮ್ಮ ಹುಡುಗನಿಗೆ ಮುಂದಿನ ವರ್ಷ ಎಟುಕುವಂಥದ್ದು. ಪಿಯಾನೊದವರು ಸಿಗದ ಕಡೆಯೂ ಅದನ್ನು ನುಡಿಸಬಹುದು. ಎರವಲಿಗೆ ಕೈ ಚಾಚುವ ಮೊದಲು ಅವನಿಗೆ ತನ್ನ ಮನೆಯನ್ನು ತೋರಿಸಿ.

ಐದನೆಯ ಸೂಟ್:

ಮೂಲಕೃತಿಯವರ ಕಾಳಜಿ ನನಗೂ ಇದೆ, ಆದರೂ ಬಾಖ್ ವಿಷಯದಲ್ಲಿ ನಾನು ಒಪ್ಪಲಾರೆ. ಬಾಖ್ ಬರೆದ ಚೆಲ್ಲೊ ಸೂಟ್‌ಗಳು ನಮಗೆ ಕಲಿಸುವುದನ್ನು ನಮಗಾಗಿ ಬರೆದ ಯಾವ ಕೃತಿಯೂ ಕಲಿಸಲಾರದು, ಅದಕ್ಕೆ ಕಾರಣ ಅವು ನಮಗಾಗಿ ಬರೆದವಲ್ಲ ಎಂಬುದೇ. ಚೆಲ್ಲೊಗೆ ಉಸಿರು ಬೇಡ. ಮೊದಲ ಸೂಟ್‌ನ ಆರಂಭದ ಭಾಗವಾದ ಪ್ರೆಲ್ಯೂಡ್‌ನಲ್ಲಿ ಹದಿನಾರನೇ ಒಂದರಷ್ಟು ಅವಧಿಯ ಚಿಕ್ಕ ಸ್ವರಗಳು ಆರಂಭದಿಂದ ಬಹುತೇಕ ಕೊನೆಯವರೆಗೆ ನಿಲ್ಲದೆ ಹರಿಯುತ್ತವೆ. ಅಲ್ಲಿ ಉಸಿರು ತೆಗೆದುಕೊಳ್ಳಬೇಕಾದರೆ ವಿದ್ಯಾರ್ಥಿ ಮೊದಲು ಒಂದು ತೀರ್ಮಾನಕ್ಕೆ ಬರಬೇಕು: ಸ್ವರವನ್ನು ಬಿಡುವುದೋ, ಕಾಲವನ್ನು ತುಸು ಎಳೆಯುವುದೋ? ಬಾರ್ ಗೆರೆಯಲ್ಲಿ ಉಸಿರಾಡಿದರೆ ಹಾಡಿನ ನಡುವಿನ ಕೊಂಡಿಯೇ ಕಳಚುತ್ತದೆ. ಏಕೆಂದರೆ ಬಾಖ್‌ನಲ್ಲಿ ಹಿಂದಿನ ಬಾರ್‌ನ ಸ್ವರಗಳು ಮುಂದಿನ ಬಾರ್‌ನ ಮೊದಲ ಸ್ವರದ ಕಡೆಗೇ ನಡೆಯುತ್ತಿರುತ್ತವೆ. ಹೆಚ್ಚಿನ ಕಡೆ ಸರಿಯಾದ ಜಾಗವೆಂದರೆ ಮೊದಲ ಸ್ವರವನ್ನು ಮುಟ್ಟಿದ ನಂತರ. ಇದನ್ನು ಕಂಡುಕೊಳ್ಳಲು ವಿದ್ಯಾರ್ಥಿ ಆ ಬಾರ್‌ನ ಹಾರ್ಮನಿಯನ್ನು ಅರಿಯಲೇಬೇಕು. ಉಸಿರಾಟದ ಒಂದು ಸಣ್ಣ ಪ್ರಶ್ನೆ ಅವನನ್ನು ಸಂಗೀತದ ವ್ಯಾಕರಣದೊಳಕ್ಕೆ ಎಳೆದುಕೊಂಡು ಹೋಗುತ್ತದೆ.

ಆದರೆ ಮೊದಲ ಪ್ರೆಲ್ಯೂಡ್‌ನಿಂದ ಆರಂಭಿಸಬಾರದು. ಎಲ್ಲರಿಗೂ ಗೊತ್ತಿರುವ ತುಣುಕೆಂದು ಅದನ್ನೇ ಮೊದಲು ಕೊಡುತ್ತಾರೆ; ಮಗು ಉಸಿರಿಗಾಗಿ ಒದ್ದಾಡಿ ಬಾಖ್ ಎಂದರೆ ಕಷ್ಟವೆಂದು ತಿಳಿಯುತ್ತದೆ. ಐದನೆಯ ಸೂಟ್‌ನ ಸರಬಾಂಡ್ ಎಂಬ ನೃತ್ಯಭಾಗವನ್ನು ಕೊಡಿ. ಅದರಲ್ಲಿ ಒಂದು ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಕೂಡ ಇಲ್ಲ, ಆದಿಯಿಂದ ಅಂತ್ಯದವರೆಗೆ ಒಂದೇ ಎಳೆ. ಚೆಲ್ಲೊದಲ್ಲಿ ಮೂರು ನಾಲ್ಕು ತಂತಿಗಳನ್ನು ಒಟ್ಟಿಗೆ ನುಡಿಸುವ ಜಾಗಗಳನ್ನು ನಮ್ಮ ವಾದ್ಯದಲ್ಲಿ ಹೇಗೆ ಮಾಡುವುದೆಂಬ ಪ್ರಶ್ನೆಯೇ ಅಲ್ಲಿ ಹುಟ್ಟುವುದಿಲ್ಲ. ನಿಧಾನಗತಿಯ ಆ ಸಂಗೀತ ಟ್ಯೂಬಾದಲ್ಲಿ ಕೇಳಿಸಿದಾಗ ಮೊದಲಿನಿಂದ ಅಲ್ಲೇ ಇತ್ತೇನೋ ಎನಿಸುತ್ತದೆ. ಅದಾದ ಮೇಲೆ ಮೂರನೆಯ ಸೂಟ್‌ನ ಬೂರೆ ನೃತ್ಯಗಳು. ಇನ್ನೂ ಸುಲಭವಾದದ್ದು ಬೇಕೆಂದರೆ ಗ್ಯಾಲಿಯರ್ಡ್ ಅವರ ಬಸೂನ್ ಸೊನಾಟಾಗಳಿವೆ, ಡಬಲ್ ಬೇಸ್‌ನಿಂದ ಬಂದ ಕಪುಟ್ಸಿಯವರ ಆಂಡಾಂಟೆ ಮತ್ತು ರೊಂಡೊ ಇದೆ. ಇವು ಎರಡೂ ವಾದ್ಯಗಳ ವಿದ್ಯಾರ್ಥಿಗಳಿಗೆ ಒಗ್ಗುತ್ತವೆ.

ಮೂಲಕೃತಿ:

ಸರಬಾಂಡ್ ಬಗ್ಗೆ ನೀವು ಹೇಳಿದ್ದು ನ್ಯಾಯವಾದದ್ದು, ಅದನ್ನು ಒಪ್ಪುತ್ತೇನೆ. ನನ್ನ ಆಕ್ಷೇಪ ಇಷ್ಟೇ: ವಿದ್ಯಾರ್ಥಿಯ ಸಾರ್ವಜನಿಕ ಕಾರ್ಯಕ್ರಮವೊಂದರಲ್ಲಿ ನಾಲ್ಕು ಕೃತಿಗಳಿದ್ದರೆ ನಾಲ್ಕೂ ಎರವಲಿನವೇ ಆಗಬಾರದು.

ಮಂದ್ರಸ್ಥಾಯಿ:

ಇಷ್ಟು ಶ್ರದ್ಧೆಯಿಂದ ಬರೆದ ಎಲ್ಲರಿಗೂ ಕೃತಜ್ಞತೆಗಳು. ಇನ್ನೆರಡು ಸಂಶಯಗಳಿವೆ. ಮೊದಲನೆಯದು, ಬೊರ್ದೊನಿ ಮತ್ತು ಬಾಖ್ ಎಲ್ಲವೂ ಬಾಸ್ ಅಥವಾ ಟೆನರ್ ಕ್ಲೆಫ್‌ನಲ್ಲಿವೆ. ಹುಡುಗಿಗೆ ಬರುವುದು ಟ್ರೆಬಲ್ ಮಾತ್ರ. ಅವಳಿಗಾಗಿ ಎಲ್ಲವನ್ನೂ ಬರೆದುಕೊಡಲೇ, ಹೊಸ ಕ್ಲೆಫ್ ಕಲಿಸಲೇ? ಎರಡನೆಯದು, ಅವಳ ಯುಫೋನಿಯಮ್‌ಗೆ ಮೂರೇ ವಾಲ್ವ್‌ಗಳಿವೆ. ಕೆಳಗಿನ ಸ್ಥಾಯಿಯಲ್ಲಿ ಶ್ರುತಿ ನಿಲ್ಲುತ್ತಿಲ್ಲ. ತಪ್ಪು ಅವಳದೋ ವಾದ್ಯದ್ದೋ?

ನಾಲ್ಕನೆಯ ವಾಲ್ವ್:

ಎರಡನೆಯ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಅದರಲ್ಲಿ ಮಗುವಿನ ತಪ್ಪು ಬಹಳ ಕಡಿಮೆ. ಯುಫೋನಿಯಮ್‌ನ ಕೊಳವೆ ಸುಮಾರು 9 ಅಡಿ, ಅಂದರೆ 108 ಅಂಗುಲ. ಸ್ವರವನ್ನು ಎರಡು ಅರ್ಧಸ್ವರ ಇಳಿಸಲು ಮೊದಲ ವಾಲ್ವ್ ಸುಮಾರು 13 ಅಂಗುಲದ ಕೊಳವೆಯನ್ನು ಸೇರಿಸುತ್ತದೆ. ಮೂರು ಅರ್ಧಸ್ವರ ಇಳಿಸಲು ಮೂರನೆಯದು ಸುಮಾರು 20 ಅಂಗುಲ ಸೇರಿಸುತ್ತದೆ. ಎರಡನ್ನೂ ಒಟ್ಟಿಗೆ ಒತ್ತಿದರೆ ಸಿಗುವುದು ಮೂವತ್ತಮೂರೂವರೆ ಅಂಗುಲದ ಆಸುಪಾಸು. ಆದರೆ ಐದು ಅರ್ಧಸ್ವರ ಇಳಿಯಲು ನಿಜಕ್ಕೂ ಬೇಕಾದದ್ದು 36 ಅಂಗುಲ. ಕೊಳವೆ ಉದ್ದವಾದಷ್ಟೂ ಮುಂದಿನ ಪ್ರತಿ ಅರ್ಧಸ್ವರಕ್ಕೆ ಹೆಚ್ಚು ಉದ್ದ ಬೇಕಾಗುತ್ತದೆ, ವಾಲ್ವ್‌ಗೆ ಅದು ತಿಳಿಯದು. ಆದ್ದರಿಂದ ಒಂದು ಮತ್ತು ಮೂರನೆಯ ವಾಲ್ವ್ ಸೇರಿದ ಸ್ವರ ಏರುಶ್ರುತಿಯಲ್ಲೇ ಇರುತ್ತದೆ, ಮೂರನ್ನೂ ಒತ್ತಿದರೆ ಇನ್ನೂ ಹೆಚ್ಚು. ಮಗು ಅದನ್ನು ತುಟಿಯಿಂದ ಇಳಿಸಲು ಹೋಗಿ ನಾದವನ್ನು ಕೆಡಿಸಿಕೊಳ್ಳುತ್ತದೆ. ನೀವು ಹೇಳಿದ ತೆಳ್ಳಗಿನ ನಾದಕ್ಕೂ ಇದು ಒಂದು ಕಾರಣವಿರಬಹುದು.

ನಾಲ್ಕನೆಯ ವಾಲ್ವ್ ಈ ಐದು ಅರ್ಧಸ್ವರಗಳನ್ನು ಒಂದೇ ಸಲ ಸರಿಯಾದ ಉದ್ದದಲ್ಲಿ ಕೊಡುತ್ತದೆ. ಅದಕ್ಕೂ ಕೆಳಗಿನ ಸ್ವರಗಳಿಗಾಗಿ 1874ರಲ್ಲಿ ಡೇವಿಡ್ ಬ್ಲೇಕ್ಲಿ ಕಾಂಪೆನ್ಸೇಟಿಂಗ್ ವ್ಯವಸ್ಥೆಯನ್ನು ರೂಪಿಸಿದರು. ಅದರಲ್ಲಿ ನಾಲ್ಕನೆಯ ವಾಲ್ವ್ ಒತ್ತಿದಾಗ ಗಾಳಿ ಉಳಿದ ವಾಲ್ವ್‌ಗಳ ಮೂಲಕ ಎರಡನೆಯ ಸಲ ಹಾಯ್ದು, ಕೊರತೆಯಿರುವ ಉದ್ದವನ್ನು ಚಿಕ್ಕ ಕೊಳವೆಗಳಿಂದ ತುಂಬಿಕೊಳ್ಳುತ್ತದೆ. ಅಂಥ ವಾದ್ಯ ಸಿಗುವವರೆಗೆ ಮೂರನೆಯ ವಾಲ್ವ್‌ನ ಸ್ಲೈಡನ್ನು (ಜಾರುಕೊಳವೆಯನ್ನು) ತುಸು ಹೊರಗೆಳೆದಿಡಿ, ಮೂರನೆಯ ವಾಲ್ವ್ ಒಂಟಿಯಾಗಿ ಬೇಕಾದ ಕಡೆ ಒಂದು ಮತ್ತು ಎರಡನ್ನು ಬಳಸಲಿ. ಮತ್ತು ದಯವಿಟ್ಟು ಆ ಸ್ವರಗಳಿಗಾಗಿ ಅವಳನ್ನು ಗದರಬೇಡಿ.

ಕ್ಲೆಫ್ ಬಗ್ಗೆ: ಬ್ರಾಸ್ ಬ್ಯಾಂಡಿನಲ್ಲಿ ಬಾಸ್ ಟ್ರಾಂಬೋನ್ ಒಂದನ್ನು ಬಿಟ್ಟು ಎಲ್ಲ ಬ್ರಾಸ್ ವಾದ್ಯಗಳೂ ಟ್ರೆಬಲ್ ಓದುತ್ತವೆ. ಹಾಗಾಗಿ ಕಾರ್ನೆಟ್‌ನಿಂದ ಟ್ಯೂಬಾಗೆ ಹೋದರೂ ವಾಲ್ವ್ ಬೆರಳುಗಾರಿಕೆ ಬದಲಾಗುವುದಿಲ್ಲ. ನಿಮ್ಮ ಹುಡುಗಿಗೆ ಇದರಿಂದ ಒಂದು ವರವಿದೆ. ಬಿ-ಫ್ಲ್ಯಾಟ್ ಟ್ರೆಬಲ್‌ನಲ್ಲಿ ಬರೆದ ಸ್ವರ ಒಂದು ಸ್ಥಾಯಿಯ ಮೇಲೆ ಒಂದು ಪೂರ್ಣಸ್ವರದಷ್ಟು ಕೆಳಗೆ ಕೇಳಿಸುತ್ತದೆ. ಟೆನರ್ ಕ್ಲೆಫ್‌ನ ಗೆರೆಗಳ ಲೆಕ್ಕವೂ ಅದಕ್ಕೆ ಸರಿಹೊಂದುತ್ತದೆ. ಟೆನರ್ ಕ್ಲೆಫ್‌ನಲ್ಲಿರುವುದನ್ನು ಅವಳು ಟ್ರೆಬಲ್ ಎಂದೇ ಭಾವಿಸಿ, ಕೀ ಸಿಗ್ನೇಚರ್‌ಗೆ (ಸಾಲಿನ ಮೊದಲಿನ ಶ್ರುತಿಗುರುತುಗಳಿಗೆ) ಎರಡು ಶಾರ್ಪ್ ಸೇರಿಸಿ ಓದಿದರೆ ಸಾಕು. ನಡುವೆ ಬರುವ ಆಕ್ಸಿಡೆಂಟಲ್‌ಗಳನ್ನು (ಸ್ವರವನ್ನು ಏರಿಸುವ ಇಳಿಸುವ ಗುರುತುಗಳನ್ನು) ಮಾತ್ರ ಎಚ್ಚರದಿಂದ ನೋಡಬೇಕು. ಆದ್ದರಿಂದ ಟೆನರ್ ಅನ್ನು ಈ ವಾರವೇ ಆರಂಭಿಸಿ. ಬಾಸ್ ಕ್ಲೆಫನ್ನು ಮಾತ್ರ ಹೊಸ ಲಿಪಿಯಂತೆ ಕಲಿಯಬೇಕು. ಬರೆದುಕೊಟ್ಟರೆ ಅವಳು ಎಂದೂ ಕಲಿಯುವುದಿಲ್ಲ. ದಿನಕ್ಕೆ ಹತ್ತು ನಿಮಿಷ, ಈಗಾಗಲೇ ಬಾಯಿಪಾಠವಾಗಿರುವ ಸರಳ ಹಾಡುಗಳಿಂದ ಶುರುಮಾಡಿ.

ಟ್ಯೂಬಾ ವಿದ್ಯಾರ್ಥಿ:

ಹಿರಿಯರೇ, ನಾನು ಮಧ್ಯೆ ಬಂದು ಕೇಳುತ್ತಿರುವುದಕ್ಕೆ ಕ್ಷಮಿಸಿ. ಐದು ವರ್ಷದಿಂದ ಟ್ಯೂಬಾ ಕಲಿಯುತ್ತಿದ್ದೇನೆ. ವಾನ್ ವಿಲಿಯಮ್ಸ್ ಕನ್ಸರ್ಟೊ ಕೇಳಿದಾಗಿನಿಂದ ಬೇರೇನೂ ನುಡಿಸಲು ಮನಸ್ಸಾಗುತ್ತಿಲ್ಲ. ನನ್ನದು ಬಿ-ಫ್ಲ್ಯಾಟ್ ಟ್ಯೂಬಾ. ಈಗಲೇ ಆರಂಭಿಸಬಹುದೇ?

ಹಳೆಯ ಟ್ಯೂಬಾ:

ತಮ್ಮಾ, ಮನಸ್ಸು ಹಾಗೆ ಹಿಡಿದುಕೊಂಡ ಕೃತಿಯನ್ನು ಬೇಡ ಎನ್ನಲು ನನಗೆ ಬಾಯಿ ಬರುವುದಿಲ್ಲ. ನಡುವಿನ ರೊಮಾನ್ಸಾವನ್ನು ಈಗಲೇ ತೆಗೆದುಕೊಳ್ಳಿ. ಅದನ್ನು ಯುಫೋನಿಯಮ್, ಬಸೂನ್, ಚೆಲ್ಲೊದವರೂ ನುಡಿಸುತ್ತಾರೆ, ಅದು ಅಷ್ಟು ಶುದ್ಧವಾದ ಹಾಡು. ಅದರ ಮೇಲಿನ ಸ್ಥಾಯಿ ನಿಮಗೆ ದಣಿವು ತರುತ್ತದೆ, ಆದ್ದರಿಂದ ದಿನಕ್ಕೆ ಒಂದು ಪುಟಕ್ಕಿಂತ ಹೆಚ್ಚು ಬೇಡ. ಮೊದಲ ಮತ್ತು ಕೊನೆಯ ಭಾಗಗಳಿಗೆ ಕಾಯಿರಿ. ಅನೇಕರು ಅವನ್ನು 12 ಅಡಿಯ ಎಫ್ ಟ್ಯೂಬಾದಲ್ಲಿ ನುಡಿಸುತ್ತಾರೆ. ನಿಮ್ಮ ಬಿ-ಫ್ಲ್ಯಾಟ್ ಟ್ಯೂಬಾದ ಕೊಳವೆ 18 ಅಡಿ. ಅಷ್ಟು ಉದ್ದದ ವಾದ್ಯದಲ್ಲಿ ಮೇಲಿನ ಸ್ವರಗಳು ಒಂದಕ್ಕೊಂದು ಬಹಳ ಹತ್ತಿರ ನಿಂತಿರುತ್ತವೆ, ಗುರಿ ಸ್ವಲ್ಪ ತಪ್ಪಿದರೂ ಪಕ್ಕದ ಸ್ವರ ಬಂದುಬಿಡುತ್ತದೆ.

ಹಿಂಡೆಮಿತ್ ಅವರ ಸೊನಾಟಾಗೂ ಇದೇ ಮಾತು, ಆದರೆ ಅಲ್ಲಿನ ಕಷ್ಟ ಎತ್ತರದ್ದಲ್ಲ. ಪಿಯಾನೊದ ಲಯ ಮತ್ತು ನಿಮ್ಮ ಲಯ ಒಂದನ್ನೊಂದು ಅಡ್ಡ ಹಾಯುತ್ತಿರುತ್ತವೆ. ಪಿಯಾನೊದವರ ಭಾಗವನ್ನು ನಿಮ್ಮದರಷ್ಟೇ ಚೆನ್ನಾಗಿ ಅರಿಯದೆ ಅದನ್ನು ವೇದಿಕೆಗೆ ತರಬೇಡಿ.

ಕೊನೆಯ ಸಾಲು:

ಆರ್ಕೆಸ್ಟ್ರಾದಲ್ಲಿ ಬಹುಕಾಲ ಹಿಂದಿನ ಸಾಲಿನಲ್ಲಿ ಕೂತವನಾಗಿ ಒಂದು ಮಾತು ಸೇರಿಸುತ್ತೇನೆ. ಆರ್ಕೆಸ್ಟ್ರಾ ತುಣುಕುಗಳನ್ನು ಪರೀಕ್ಷೆಯ ಸಾಮಗ್ರಿ ಎಂದು ಬದಿಗಿಡಬೇಡಿ. ಮಾಲರ್ ಅವರ ಮೊದಲ ಸಿಂಫನಿಯ ಮೂರನೆಯ ಭಾಗದಲ್ಲಿ ಡಬಲ್ ಬೇಸ್ ಆರಂಭಿಸಿದ ಮಕ್ಕಳ ಹಾಡು ಬಸೂನ್ ಮತ್ತು ಚೆಲ್ಲೊಗಳ ನಂತರ ಟ್ಯೂಬಾದ ಕೈಗೆ ಬರುತ್ತದೆ. ಸ್ವರಗಳನ್ನು ಎರಡು ವರ್ಷದ ವಿದ್ಯಾರ್ಥಿಯೂ ನುಡಿಸಬಲ್ಲ. ಆದರೆ ಅಷ್ಟು ಮೆಲ್ಲಗೆ, ಹಿಂದಿನವರ ಕೈಯಿಂದ ಮಾತು ಎತ್ತಿಕೊಂಡಂತೆ ನುಡಿಸಲು ವರ್ಷಗಳೇ ಬೇಕು. ಮಾರ್ಚ್ ಪೆಟ್ಟುಗಳನ್ನಷ್ಟೇ ನುಡಿಸಿದ ಆ ಹುಡುಗನಿಗೆ ಇದಕ್ಕಿಂತ ಒಳ್ಳೆಯ ಮೊದಲ ಹಾಡು ನನಗೆ ತೋಚುವುದಿಲ್ಲ.

ಯುಫೋನಿಯಮ್ ಹುಡುಗಿಗೆ ಹೋಲ್ಸ್ಟ್ ಅವರ 1911ರ ಎರಡನೆಯ ಬ್ಯಾಂಡ್ ಸೂಟ್‌ನ ಮಾರ್ಚ್‌ನಲ್ಲಿರುವ ಏಕವಾದನವನ್ನು ಕೊಡಿ. ಅವಳು ದೊಡ್ಡವಳಾದ ಮೇಲೆ ಪ್ಲಾನೆಟ್ಸ್ ಎಂಬ ಆರ್ಕೆಸ್ಟ್ರಾ ಕೃತಿಯಲ್ಲಿ ಅದೇ ಸಂಯೋಜಕರು ಟೆನರ್ ಟ್ಯೂಬಾಗೆ ಬರೆದದ್ದನ್ನು ನುಡಿಸಬಹುದು. ಮುಸೋರ್ಗ್ಸ್ಕಿಯವರ ಪಿಯಾನೊ ಕೃತಿಯನ್ನು ರವೆಲ್ 1922ರಲ್ಲಿ ಆರ್ಕೆಸ್ಟ್ರಾಗೆ ಹೊಂದಿಸಿದಾಗ ಎತ್ತಿನಗಾಡಿಯ ಭಾಗದ ಹಾಡನ್ನು ಟ್ಯೂಬಾಗೆ ಬಹಳ ಎತ್ತರದಲ್ಲಿ ಬರೆದರು. ಇಂದು ಅದು ಎಷ್ಟೋ ಕಡೆ ಯುಫೋನಿಯಮ್‌ನ ಪಾಲಿಗೆ ಬರುತ್ತದೆ. ಆರ್ಕೆಸ್ಟ್ರಾದಲ್ಲಿ ಕುರ್ಚಿಯಿಲ್ಲದಿದ್ದರೂ ಕರೆ ಬರುತ್ತದೆ, ಬಂದಾಗ ಸಿದ್ಧವಿರಬೇಕು.

ಮಂದ್ರಸ್ಥಾಯಿ:

ಮೂರು ವಾರ ತಡವಾಗಿ ಉತ್ತರಿಸುತ್ತಿದ್ದೇನೆ, ಏಕೆಂದರೆ ನೀವೆಲ್ಲ ಹೇಳಿದ್ದನ್ನು ಮೊದಲು ಮಾಡಿ ನೋಡಬೇಕೆನಿಸಿತು. ಇಬ್ಬರಿಗೂ ಒಂದೇ ಬೊರ್ದೊನಿ ಅಭ್ಯಾಸವನ್ನು ಕೊಟ್ಟು, ಪಾಠಕ್ಕೆ ಒಟ್ಟಿಗೆ ಬರಲು ಹೇಳಿದೆ. ಮೊದಲ ವಾರ ಇಬ್ಬರೂ ಹಾಡಲಿಲ್ಲ, ನಾನೊಬ್ಬಳೇ ಹಾಡಿದೆ. ಎರಡನೆಯ ವಾರ ಹುಡುಗ ದನಿಗೂಡಿಸಿದ. ನಿನ್ನೆ ಹುಡುಗಿ ನುಡಿಸುವಾಗ ಅವನು ತಾನಾಗಿಯೇ ಒಂದು ಸ್ಥಾಯಿ ಕೆಳಗೆ ಸೇರಿಕೊಂಡ, ಅವಳ ಉಸಿರಿನ ಗುರುತುಗಳನ್ನೇ ನೋಡುತ್ತಾ. ನಾಲ್ಕನೆಯ ಸಾಲಿನಲ್ಲಿ ಅವಳ ಉಸಿರು ಮುಗಿಯಿತು, ಅವನು ಬಿಡದೆ ಸಾಲು ಮುಗಿಸಿದ. ಎರಡನೆಯ ಸಲ ನುಡಿಸುವಾಗ ಅವಳೂ ಮುಗಿಸಿದಳು.

ಹುಡುಗನಿಗೆ ಮಾಲರ್ ಕೊಟ್ಟಿದ್ದೇನೆ, ಅದರ ಜೊತೆಗೆ ಐದನೆಯ ಸೂಟ್‌ನ ಸರಬಾಂಡ್. ಹಾರ್ಟ್ಲಿ ಮುಂದಿನ ವರ್ಷಕ್ಕೆ. ಹುಡುಗಿ ಟೆನರ್ ಕ್ಲೆಫನ್ನು ಎರಡೇ ದಿನದಲ್ಲಿ ಓದತೊಡಗಿದಳು. ಬಾಸ್ ಕ್ಲೆಫ್‌ನಲ್ಲಿ ಇನ್ನೂ ತಡವರಿಸುತ್ತಾಳೆ. ಅವಳ ಹಳೆಯ ವೇರಿಯೇಶನ್ ಕೃತಿಯನ್ನು ಬಿಡಿಸಿಲ್ಲ. ಥೀಮಿನ ಸ್ವರಗಳಿಗೆ ಸುತ್ತು ಹಾಕುವ ಕೆಲಸ ಎರಡನೆಯ ವೇರಿಯೇಶನ್‌ವರೆಗೆ ಬಂದಿದೆ. ಎರಡು ಯುಫೋನಿಯಮ್ ಮತ್ತು ಎರಡು ಟ್ಯೂಬಾಗಳ ಚತುರ್ವಾದ್ಯಕ್ಕೆ ಈ ಮಟ್ಟದವರಿಗೆ ಹೊಂದುವ ಕೃತಿಗಳನ್ನು ಯಾರಾದರೂ ಬಲ್ಲಿರಾದರೆ ತಿಳಿಸಿ. ಬ್ಯಾಂಡಿನಿಂದ ಇನ್ನಿಬ್ಬರು ಮುಂದಿನ ತಿಂಗಳು ಬಂದು ಸೇರುತ್ತೇವೆಂದು ಹೇಳಿದ್ದಾರೆ.